ಮೇಣ ಬೆವರಿದ ಕಂಡೆನ್ಸರ್

ಜೂನ್ 15, 2025, ಭಾನುವಾರ

ಮಾವ ಕೊಟ್ಟ ಹಳೇ ವಾಲ್ವ್ (ಗಾಜಿನ ಕೊಳವೆ) ಆಂಪ್ಲಿಫೈಯರನ್ನು ಇವತ್ತು ಕೊನೆಗೂ ಬಿಚ್ಚಿದೆ. ಚಿಕ್ಕದು, ಒಂದೇ ಸ್ಪೀಕರಿನದು. ವಾಲ್ವ್‌ಗಳು ಮೂರು: ಸದ್ದನ್ನು ಮೊದಲು ಹಿಗ್ಗಿಸೋಕೆ ಮುಂದೆ ಇಸಿಸಿ83, ಸ್ಪೀಕರಿಗೆ ಶಕ್ತಿ ಕೊಡೋಕೆ ಕೊನೆಗೆ ಇಎಲ್84, ಪಕ್ಕದಲ್ಲಿ ಎಸಿಯನ್ನು ಡಿಸಿ (ಒಂದೇ ದಿಕ್ಕಿನ ಕರೆಂಟ್) ಮಾಡೋ ರೆಕ್ಟಿಫೈಯರ್ ಇಜೆಡ್80. "ದೊಡ್ಡ ಕಂಡೆನ್ಸರ್ ಹಾಕಿ ಬೇಸ್ ಜಾಸ್ತಿ ಮಾಡ್ಕೊಡೋ" ಅಂದಿದ್ದರು ಮಾವ. ಕಂಡೆನ್ಸರ್ ಅಂದರೆ ಚಾರ್ಜ್ ಹಿಡಿದಿಡೋ ಬಿಡಿಭಾಗ.

ನಿನ್ನೆ ರಾತ್ರಿ ಕೋಣೆಯ ದೀಪ ಆರಿಸಿ ನೋಡಿದ್ದೆ. ಇಎಲ್84ರ ಗಾಜಿನೊಳಗೆ, ಪ್ಲೇಟ್ ಅನ್ನೋ ಲೋಹದ ತಗಡಿನ ಒಂದು ಬದಿಯಲ್ಲಿ ಕಡಲೆಬೇಳೆಯಷ್ಟು ಕೆಂಪು ಚುಕ್ಕೆ. ಉರಿಯೋ ಫಿಲಮೆಂಟ್ ಅಲ್ಲ ಅದು, ಪ್ಲೇಟೇ ಕಾಯ್ತಾ ಇತ್ತು. ಎದೆ ಧಸಕ್ಕೆಂದಿತು. ತಕ್ಷಣ ಆಫ್ ಮಾಡಿದೆ.

ಬೆಳಿಗ್ಗೆ ಒಂದೇ ನಿಮಿಷ ಆನ್ ಮಾಡಿ ಮೀಟರ್ ಹಿಡಿದೆ. ಕರೆಂಟನ್ನು ಹಿಡಿತದಲ್ಲಿಡೋ ಗ್ರಿಡ್ಡಿನಲ್ಲಿ ಸೊನ್ನೆ ಇರಬೇಕು, 5 ವೋಲ್ಟ್ ಇತ್ತು. ಎಲೆಕ್ಟ್ರಾನ್ ಹೊರಡೋ ಕ್ಯಾಥೋಡಿನಲ್ಲಿ 10.1. ಅಲ್ಲಿರೋ ರೆಸಿಸ್ಟರ್ 135 ಓಮ್, ಅಂದರೆ ಸುಮಾರು 75 ಮಿಲಿಆಂಪ್ ಹರೀತಿದೆ. ಐವತ್ತರ ಆಸುಪಾಸು ಇರಬೇಕಾದ್ದು! ಪ್ಲೇಟ್ ತಾಳೋದೇ 12 ವಾಟ್ ಶಾಖ, ಅದಕ್ಕೇ ಕೆಂಪಾಗಿದ್ದು.

ಪ್ಲಗ್ ಕಿತ್ತು, ದೊಡ್ಡ ಕಂಡೆನ್ಸರಿನಲ್ಲಿ ಉಳಿದಿದ್ದ ಚಾರ್ಜನ್ನು 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಇಳಿಸಿದೆ. ಮೀಟರ್ ಸೊನ್ನೆಗೆ ಬರೋವರೆಗೂ ಒಳಗೆ ಕೈ ಹಾಕಲಿಲ್ಲ. ಈ ಕೆಲಸ ಮಾಡುವವರು ದಯವಿಟ್ಟು ಇದನ್ನು ಮಾತ್ರ ಬಿಡಬೇಡಿ.

ತಪ್ಪಿತಸ್ಥ ಇಸಿಸಿ83 ಮತ್ತು ಇಎಲ್84ರ ನಡುವಿನ ಪೇಪರ್ ಕಂಡೆನ್ಸರ್. ಮೇಲಿನ ಮೇಣ ಕರಗಿ, ತುದಿಯಲ್ಲಿ ಹನಿಯಾಗಿ ನಿಂತು, ಅದರ ಮೇಲೆ ದೂಳು ಕೂತಿತ್ತು. ಸ್ವರ ಮಾತ್ರ ದಾಟಿಸಬೇಕಾದದ್ದು ಡಿಸಿಯನ್ನೂ ಗ್ರಿಡ್ಡಿಗೆ ಸೋರಿಸ್ತಿತ್ತು. ಬದಲಿಗೆ 630 ವೋಲ್ಟಿನ ಪಾಲಿಪ್ರೊಪಿಲೀನ್ (ಪ್ಲಾಸ್ಟಿಕ್) ಕಂಡೆನ್ಸರ್ ಹಾಕಿದೆ. ಅಳತೆ ಮಾತ್ರ ಹಳೆಯದೇ, 0.022 ಮೈಕ್ರೋಫ್ಯಾರಡ್. ಮುಂದಿರೋ 470 ಕಿಲೋ ಓಮ್ ರೆಸಿಸ್ಟರ್ ಜೊತೆ ಅದು ಕೆಳಗೆ ಸುಮಾರು 15 ಹರ್ಟ್ಸ್‌ವರೆಗಿನ ತಗ್ಗು ಸ್ವರಗಳನ್ನೂ ಬಿಡುತ್ತೆ. ಇಷ್ಟು ಪುಟ್ಟ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಅದೇ ಹೆಚ್ಚು. ಇನ್ನೂ ದೊಡ್ಡದು ಹಾಕಿದರೆ ಬೇಸ್ ಬರಲ್ಲ, ಸುಮ್ನೆ ಟ್ರಾನ್ಸ್‌ಫಾರ್ಮರ್ ತಿಣುಕುತ್ತೆ.

ರೆಕ್ಟಿಫೈಯರಿನಿಂದ ಬರೋ ಡಿಸಿಯನ್ನು ನಯಗೊಳಿಸೋ ಫಿಲ್ಟರ್ ಕಂಡೆನ್ಸರನ್ನೂ 47 ಮೈಕ್ರೋಫ್ಯಾರಡ್‌ಗೆ ನಿಲ್ಲಿಸಿದೆ. ಇಜೆಡ್80ಕ್ಕೆ 50ರ ಮೇಲೆ ಹೇರಬಾರದು. ಕ್ಯಾಥೋಡಿಗೆ 135ರ ಬದಲು 150 ಓಮ್. ಕರೆಂಟ್ ಕೊಂಚ ತಗ್ಗಿ ವಾಲ್ವ್ ಸ್ವಲ್ಪ ನಿರಾಳವಾಗಿ ಬದುಕಲಿ ಅಂತ.

ಸಂಜೆ ಆನ್ ಮಾಡಿದಾಗ ಗ್ರಿಡ್ ಸೊನ್ನೆ, ಕ್ಯಾಥೋಡ್ 7.6 ವೋಲ್ಟ್. ಮಾವನನ್ನು ಕರೆದು ವೀಣೆಯ ರೆಕಾರ್ಡ್ ಹಾಕಿದೆ. ಮಂದ್ರದ ತಂತಿ ಮೀಟಿದಾಗ ಸ್ವರ ಒಡೀಲಿಲ್ಲ, ಕೊನೇವರೆಗೂ ನಿಂತು ಮೆಲ್ಲಗೆ ಆರಿತು. ಮಾವ ಬೇಸ್ ವಿಷಯ ಎತ್ತಲೇ ಇಲ್ಲ. "ಇನ್ನೊಂದು ಮಗ್ಗುಲು ಹಾಕೋ" ಅಂದರು.