ಗಾಜು ಕೊಡದೆ ಗಾಜಿನ ಶಿಲ್ಪವನ್ನು ಕಲಿಸುವುದು ಹೇಗೆ?

ಬೇಲೂರು ತಾಲ್ಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಂದ ಪ್ರತಿ ವರ್ಷ ಗಾಜಿನ ಶಿಲ್ಪವನ್ನು ಆಧರಿಸಿದ ಕೈಕೆಲಸ ಮಾಡಿಸುತ್ತೇನೆಂದು ತಿಳಿದವರೆಲ್ಲ, ಪೋಷಕರಿರಲಿ, ಬೇರೆ ಶಾಲೆಯ ಶಿಕ್ಷಕರಿರಲಿ, ಕೇಳುವ ಪ್ರಶ್ನೆ ಒಂದೇ: "ಅಷ್ಟು ಚಿಕ್ಕ ಮಕ್ಕಳ ಕೈಗೆ ಗಾಜು ಕೊಡುತ್ತೀರಾ ಮೇಡಂ? ಕೊಡದಿದ್ದರೆ ಅದು ಗಾಜಿನ ಕಲೆ ಹೇಗಾಗುತ್ತದೆ?"

ಗಾಜು ಕೊಡುವುದಿಲ್ಲ, ಬಳೆಚೂರನ್ನೂ ಕೊಡುವುದಿಲ್ಲ. ಪ್ರಶ್ನೆಯ ಎರಡನೆಯ ಭಾಗಕ್ಕೆ ನನ್ನ ಉತ್ತರ ಸ್ವಲ್ಪ ದೀರ್ಘವಾದದ್ದು. ಗಾಜಿನಂತೆ ಕಾಣುವ ವಸ್ತುವನ್ನು ಹುಡುಕುವುದಕ್ಕಿಂತ ಗಾಜಿನಂತೆ ನಡೆದುಕೊಳ್ಳುವ ವಸ್ತುವನ್ನು ಹುಡುಕಬೇಕು ಎಂಬುದು ಹಲವು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ಖಚಿತವಾಗಿದೆ. ಪ್ಲಾಸ್ಟಿಕ್ ಬಾಟಲಿಯನ್ನು ಸುರುಳಿಯಾಗಿ ಕತ್ತರಿಸಿ, ಮೇಣದಬತ್ತಿಯ ಮೇಲೆ ಬಾಗಿಸಿ ತೂಗುಹಾಕಿದರೆ ನೋಡುವುದಕ್ಕೆ ಗಾಜಿನಂತೆಯೇ ಇರುತ್ತದೆ. ಆದರೆ ಅದರ ಹೊಗೆ ಮಕ್ಕಳಿಗೆ ಒಳ್ಳೆಯದಲ್ಲ, ಅಲ್ಲದೆ ಗಾಜು ಏಕೆ ಆ ಆಕಾರ ತಾಳುತ್ತದೆ ಎಂಬುದನ್ನು ಅದು ಸ್ವಲ್ಪವೂ ತಿಳಿಸಿಕೊಡುವುದಿಲ್ಲ.

ಆದ್ದರಿಂದ ಮೊದಲ ದಿನ ನಾನು ತರಗತಿಗೆ ಒಯ್ಯುವುದು ಒಂದು ಡಬ್ಬಿ ಜೋನಿ ಬೆಲ್ಲ ಮತ್ತು ಕೆಲವು ಕಡ್ಡಿಗಳು. ಕಡ್ಡಿಯನ್ನು ಬೆಲ್ಲದಲ್ಲಿ ಅದ್ದಿ ಅಡ್ಡಲಾಗಿ ಹಿಡಿದರೆ ಬೆಲ್ಲ ಒಂದು ಕಡೆಗೆ ಜೋತು, ನೂಲಾಗಿ ಇಳಿದು ಬೀಳುತ್ತದೆ. ಅದೇ ಕಡ್ಡಿಯನ್ನು ಬೆರಳುಗಳ ನಡುವೆ ನಿಲ್ಲಿಸದೆ ತಿರುಗಿಸುತ್ತಿದ್ದರೆ ಬೆಲ್ಲ ಗುಂಡಗೆ ಅಲ್ಲಿಯೇ ನಿಲ್ಲುತ್ತದೆ. ಸುಮಾರು 1,100 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಿಂದ ಉಕ್ಕಿನ ಊದುಗೊಳವೆಯ ತುದಿಗೆ ಅಂಟಿಕೊಂಡು ಬರುವ ಗಾಜು ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ, ಕೆಲಸಗಾರ ಕೊಳವೆ ತಿರುಗಿಸುವುದನ್ನು ನಿಲ್ಲಿಸಿದ ಕ್ಷಣವೇ ಅದು ಜೋಲುತ್ತದೆ ಎಂದು ಆಮೇಲೆ ಹೇಳಿದರೆ ಮಕ್ಕಳಿಗೆ ಬಿಡಿಸಿ ಹೇಳಬೇಕಾದದ್ದು ಏನೂ ಉಳಿಯುವುದಿಲ್ಲ. ಊದುಗೊಳವೆಯನ್ನು ಅವರು ಅಜ್ಜಿಯ ಒಲೆಯ ಪಕ್ಕದಲ್ಲಿ ನೋಡಿದ್ದಾರೆ. ಪಾಕ ಬಿಸಿಯಾಗಿದ್ದಾಗ ಹರಿದು, ಆರುತ್ತಾ ಗಟ್ಟಿಯಾಗುವುದನ್ನೂ ಬಲ್ಲರು. ಮಂಜುಗಡ್ಡೆಯಂತೆ ಒಂದು ನಿಶ್ಚಿತ ಉಷ್ಣತೆಯಲ್ಲಿ ಕರಗದೆ, ಗಾಜು ಮೆಲ್ಲಮೆಲ್ಲನೆ ಮೆದುವಾಗಿ ಮೆಲ್ಲಮೆಲ್ಲನೆ ಬಿಗಿಯುತ್ತದೆ. ಆ ನಡುವಿನ ಹೊತ್ತಿನಲ್ಲಿಯೇ ಕಲೆಗಾರನ ಕೆಲಸವೆಲ್ಲ ನಡೆಯಬೇಕು.

ಈ ಪಾಠಕ್ಕೆ ನಾನು ಆರಿಸಿಕೊಂಡಿರುವುದು ಅಮೆರಿಕದ ಡೇಲ್ ಚಿಹೂಲಿ ಎಂಬ ಗಾಜಿನ ಕಲಾವಿದರ 'ಮಾಕಿಯಾ' ಬಟ್ಟಲುಗಳನ್ನು. ಇಟಾಲಿಯನ್ ಭಾಷೆಯಲ್ಲಿ ಆ ಪದಕ್ಕೆ ಬಟ್ಟೆಯ ಮೇಲೆ ಬೀಳುವಂಥ ಕಲೆ, ಚುಕ್ಕೆ ಎಂಬ ಅರ್ಥವಿದೆ. ತಮ್ಮ ಕಾರ್ಯಾಗಾರದಲ್ಲಿದ್ದ ಸುಮಾರು 300 ಬಣ್ಣಗಳನ್ನೂ ಬಳಸಬೇಕೆಂಬ ಆಸೆಯಿಂದ 1981ರಲ್ಲಿ ಅವರು ಈ ಸರಣಿಯನ್ನು ಆರಂಭಿಸಿದರು. ಒಳಗೊಂದು ಬಣ್ಣ, ಹೊರಗೊಂದು ಬಣ್ಣ, ಎರಡೂ ಬೆರೆತು ರಾಡಿಯಾಗದಂತೆ ನಡುವೆ ಬಿಳಿಯ ಒಂದು ಪದರ, ಅಂಚಿಗೆ ಎದ್ದು ಕಾಣುವ ಬೇರೊಂದು ಬಣ್ಣದ ಸುತ್ತು, ಸೀರೆಯ ನೆರಿಗೆಯಂತೆ ಅಲೆಯಲೆಯಾಗಿ ಬಾಗಿದ ಬಾಯಿ: ಇವು ಆ ಬಟ್ಟಲುಗಳ ಲಕ್ಷಣಗಳು.

ವಿದೇಶದ ಶಾಲೆಗಳಲ್ಲಿ ಇದನ್ನು ಕಾಫಿ ಸೋಸುವ ಕಾಗದದಿಂದ ಮಾಡಿಸುತ್ತಾರೆ. ಕಾಫಿಯ ಸೀಮೆಯಲ್ಲಿಯೇ ಇದ್ದರೂ ನಮ್ಮ ಮನೆಗಳ ಹಿತ್ತಾಳೆ, ಸ್ಟೀಲ್ ಫಿಲ್ಟರುಗಳಿಗೆ ಕಾಗದ ಬೇಕಿಲ್ಲ. ಹಾಗಾಗಿ ನಾನು ಹಳೆಯ ತೆಳು ಪಂಚೆಯನ್ನೂ ಗಂಜಿಯನ್ನೂ ಹಿಡಿದೆ. ಹಿಡಿದ ಮೇಲೆ ಕಾಗದಕ್ಕಿಂತ ಇದೇ ಮೇಲೆಂದು ತಿಳಿಯಿತು. ಒಂದು ಲೋಟ ಅಕ್ಕಿಹಿಟ್ಟಿಗೆ ಏಳೆಂಟು ಲೋಟ ನೀರು ಹಾಕಿ ಗಂಟಾಗದಂತೆ ಕಾಯಿಸಿದ ಗಂಜಿ ಸಾಕು. ಗೇಣಗಲದ ಮೂರು ದುಂಡು ತುಂಡುಗಳಲ್ಲಿ ಎರಡಕ್ಕೆ ಮಕ್ಕಳು ನೀರಿನಲ್ಲಿ ಹರಡುವ ಸ್ಕೆಚ್ ಪೆನ್ನಿನಿಂದ ಚುಕ್ಕೆಗಳನ್ನಿಡುತ್ತಾರೆ, ಒಂದನ್ನು ಬಿಳಿಯಾಗಿಯೇ ಉಳಿಸಿ ಅವೆರಡರ ನಡುವೆ ಇಡುತ್ತಾರೆ. ಆರಿದ ಗಂಜಿಯಲ್ಲಿ ಮೂರನ್ನೂ ಒಟ್ಟಿಗೆ ಅದ್ದಿ, ಮೆಲ್ಲಗೆ ಹಿಂಡಿ, ಪ್ಲಾಸ್ಟಿಕ್ ಕವರ್ ಹೊದಿಸಿ ಬೋರಲು ಹಾಕಿದ ಲೋಟದ ಮೇಲೆ ಹಾಸಿದಾಗ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿದು ನೆರಿಗೆ ಕಟ್ಟುತ್ತದೆ. ಇಲ್ಲಿ ನಾನು ಹಾಕುವ ನಿಯಮ ಒಂದೇ: ನೆರಿಗೆಯನ್ನು ಕೈಯಿಂದ ತಿದ್ದಬಾರದು. ಬಟ್ಟೆ ಹಾಸುವುದಷ್ಟೇ ನಮ್ಮ ಕೆಲಸ, ಬೀಳುವುದು ಬಟ್ಟೆಯ ಕೆಲಸ. ಗಾಜಿನ ಬಟ್ಟಲಿನ ಅಲೆಗಳೂ ಹೀಗೆ ಕಾವು, ತಿರುಗುವಿಕೆ ಮತ್ತು ಭಾರ ಸೇರಿಯೇ ಆದವು. ಒಣಗಿದ ಮೇಲೆ ಮಗುಚಿದರೆ ಎರಡು ಬಟ್ಟಲುಗಳೂ ಒಂದೇ ತೆರನಾಗಿರುವುದಿಲ್ಲ. ಅಂಚಿಗೆ ಕಪ್ಪು ಅಥವಾ ಕಡುಗೆಂಪು ಉಣ್ಣೆಯ ದಾರ ಅಂಟಿಸಿದರೆ ಬಾಯಿಯ ಸುತ್ತೂ ಸಿದ್ಧವಾಗುತ್ತದೆ.

ಮೊದಲ ವರ್ಷ ನಾನು ಇದನ್ನು ಜುಲೈ ತಿಂಗಳಿನಲ್ಲಿ ಮಾಡಿಸಿ ತಪ್ಪು ಮಾಡಿದೆ. ಮಲೆನಾಡಿನ ಮಳೆಯಲ್ಲಿ ನಾಲ್ಕು ದಿನವಾದರೂ ಬಟ್ಟೆ ಒಣಗಲಿಲ್ಲ, ಐದನೆಯ ದಿನ ಎಲ್ಲ ಬಟ್ಟಲುಗಳ ಮೇಲೂ ಬೂಷ್ಟು ಹಿಡಿದಿತ್ತು. ಅಷ್ಟು ಆಸೆಯಿಂದ ಮಾಡಿದ್ದನ್ನು ಮಕ್ಕಳ ಕಣ್ಣೆದುರೇ ಎಸೆಯಬೇಕಾಗಿ ಬಂದದ್ದು ನನಗೆ ಇಂದಿಗೂ ನೋವಿನ ನೆನಪು. ಈಗ ಜನವರಿಯ ಬಿಸಿಲಿಗೆ ಕಾಯುತ್ತೇನೆ.

ಚಿಹೂಲಿಯವರ ಬದುಕಿನ ಒಂದು ಸಂಗತಿಯನ್ನು ಮಾತ್ರ ತಪ್ಪದೆ ಹೇಳುತ್ತೇನೆ. 1976ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರು ಅಪಘಾತದಲ್ಲಿ ಅವರ ಎಡಗಣ್ಣಿನ ದೃಷ್ಟಿ ಹೋಯಿತು, 1979ರಲ್ಲಿ ಸಮುದ್ರದ ಅಲೆಯಲ್ಲಿ ಆಡುವಾಗ ಭುಜದ ಕೀಲು ತಪ್ಪಿತು. ಅಲ್ಲಿಂದ ಮುಂದೆ ಅವರು ಚಿತ್ರ ಬರೆದು ಸೂಚನೆ ಕೊಟ್ಟರು, ಗಾಜು ಊದಿದ್ದು ಅವರ ತಂಡ. "ಹಾಗಾದರೆ ಅದು ಯಾರು ಮಾಡಿದ್ದು ಮಿಸ್?" ಎಂದು ಪ್ರತಿ ವರ್ಷವೂ ಯಾರಾದರೊಬ್ಬರು ಕೇಳುತ್ತಾರೆ. ಆಗ ನಾವು ಬೇಲೂರಿನ ದೇವಸ್ಥಾನದ ಮಾತಿಗೆ ಬರುತ್ತೇವೆ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ್ದೆಂದು ಪುಸ್ತಕದಲ್ಲಿ ಓದುತ್ತೇವೆ. ಆದರೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳು ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಅಲ್ಲಿನ ನವರಂಗದ ದುಂಡು ಕಂಬಗಳನ್ನು ತಿರುಗಿಸುತ್ತಾ ಕಡೆದವರ ಕೈಯಳತೆಯನ್ನು, ಜೋನಿ ಬೆಲ್ಲದ ಕಡ್ಡಿ ತಿರುಗಿಸಿದ ಮಕ್ಕಳು ಬೇರೆಯೇ ಗೌರವದಿಂದ ನೋಡುತ್ತಾರೆ ಎಂಬುದು ನನ್ನ ಅನುಭವ. ನಮ್ಮ ಬಟ್ಟಲುಗಳ ತಳದಲ್ಲಿಯೂ ಬಟ್ಟೆ ಹಿಡಿದವರು, ಅದ್ದಿದವರು, ಚುಕ್ಕೆಯಿಟ್ಟವರು, ಮೂವರ ಹೆಸರೂ ಇರುತ್ತದೆ.

ಮಾಡಿನೋಡುವ ಶಿಕ್ಷಕರಿಗೆ ಇನ್ನೊಂದು ಮಾತು. ಬಟ್ಟಲು ಪೂರ್ತಿ ಒಣಗಿತೇ ಎಂದು ತಿಳಿಯಲು ಒಳಗಿನ ಬಿಳಿಯ ಪದರದ ಅಂಚನ್ನು ಮುಟ್ಟಿ ನೋಡಿ, ಅದು ಎಲ್ಲಕ್ಕಿಂತ ತಡವಾಗಿ ಒಣಗುತ್ತದೆ. ಬಿಡಿಸುವಾಗ ಬಟ್ಟೆಯನ್ನು ಮೇಲಕ್ಕೆ ಎಳೆಯಬೇಡಿ. ಒಂದು ಮಗು ಬಟ್ಟಲನ್ನು ಎರಡೂ ಅಂಗೈಗಳಿಂದ ಹಗುರವಾಗಿ ಹಿಡಿದುಕೊಳ್ಳಲಿ, ಇನ್ನೊಂದು ಮಗು ಕೆಳಗಿನ ಲೋಟವನ್ನು ನಿಧಾನವಾಗಿ ತಿರುಗಿಸಲಿ.