ಮಂಜಿನ ಪದರವೂ ರೆಂಡರ್ ವೇಗವೂ

ಹಾಸನ
18 ಅಕ್ಟೋಬರ್ 2024, ಶುಕ್ರವಾರ

ರಾಜ್ಯೋತ್ಸವಕ್ಕಾಗಿ ಒಪ್ಪಿಕೊಂಡಿರುವ ಒಂದು ನಿಮಿಷದ ಗ್ರಾಫಿಕ್ಸ್‌ನಲ್ಲಿ, ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನದ 16 ಸಾಲುಗಳ ಅಕ್ಷರಗಳು ಮಂಜಿನೊಳಗಿನಿಂದ ಒಂದೊಂದಾಗಿ ಮೂಡಿಬರಬೇಕು. ಸೆಕೆಂಡಿಗೆ 25 ಫ್ರೇಮ್‌ಗಳಂತೆ ಅದು 1500 ಫ್ರೇಮ್‌ಗಳ ಕೆಲಸವಾದ್ದರಿಂದ, ಫ್ರೇಮ್ ಒಂದಕ್ಕೆ ಎರಡು ಸೆಕೆಂಡು ಉಳಿದರೂ ಒಟ್ಟಿನಲ್ಲಿ 50 ನಿಮಿಷ ಉಳಿಯುತ್ತದೆ. ರೆಂಡರ್, ಅಂದರೆ ಪ್ರತಿ ಫ್ರೇಮ್ ಅನ್ನು ಕಂಪ್ಯೂಟರ್ ಲೆಕ್ಕಹಾಕಿ ಅಂತಿಮ ಚಿತ್ರವಾಗಿಸುವ ಕೆಲಸ, ತೀರಾ ನಿಧಾನವಾಗಿದ್ದುದನ್ನು ಕಂಡು, ಸ್ಟುಡಿಯೋದಲ್ಲಿ ಜೊತೆಗಿರುವ ಹುಡುಗ, "ಸರ್, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಬಿಡೋಣ" ಎಂದ. ಸಮಯ ಯಾವ ಪದರದಲ್ಲಿ ಹೋಗುತ್ತಿದೆ ಎಂಬುದನ್ನು ಅಳೆಯದೆ ಯಂತ್ರಕ್ಕೆ ಹಣ ಸುರಿಯುವುದು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಅಳೆಯುವ ಸಾಧನ ನಾವು ಗ್ರಾಫಿಕ್ಸ್ ಮಾಡುವ ಸಾಫ್ಟ್‌ವೇರ್ ಆದ ಆಫ್ಟರ್ ಎಫೆಕ್ಟ್ಸ್‌ನಲ್ಲಿಯೇ ಇದೆ. ಟೈಮ್‌ಲೈನ್‌ನ ಕೆಳಗಡೆ ಬಸವನಹುಳುವಿನ ಚಿಹ್ನೆಯನ್ನು ಒತ್ತಿದರೆ, ಎದುರಿಗಿರುವ ಫ್ರೇಮ್‌ನಲ್ಲಿ ಪ್ರತಿ ಲೇಯರ್, ಪ್ರತಿ ಎಫೆಕ್ಟ್ ಎಷ್ಟು ಸಮಯ ತೆಗೆದುಕೊಂಡಿತೆಂಬುದು ಸಾಲಾಗಿ ಕಾಣಿಸುತ್ತದೆ. ಇಂದು ಅದನ್ನು ತೆರೆದು ನೋಡಿದಾಗ, ನಾವಿಬ್ಬರೂ ಅನುಮಾನಿಸಿದ್ದ ಅಕ್ಷರಗಳ ಪಾಲು ಅಲ್ಪವಾಗಿತ್ತು. ಸಮಯದ ಬಹುಪಾಲನ್ನು ನುಂಗುತ್ತಿದ್ದುದು ಹಿನ್ನೆಲೆಯ ಮಂಜು. ಮೋಡದಂಥ ವಿನ್ಯಾಸವನ್ನು ಲೆಕ್ಕದಿಂದಲೇ ಹುಟ್ಟಿಸುವ ಫ್ರ್ಯಾಕ್ಟಲ್ ನಾಯ್ಸ್ ಎಂಬ ಎಫೆಕ್ಟ್‌ನಿಂದ ಮಾಡಿದ ಆ ಮಂಜು ನಿರಂತರವಾಗಿ ಕದಲುತ್ತಿರುವುದರಿಂದ ಪ್ರತಿ ಫ್ರೇಮ್‌ಗೂ ಅದನ್ನು ಹೊಸದಾಗಿ ಲೆಕ್ಕಹಾಕಬೇಕಾಗುತ್ತದೆ, ಅದರ ಮೇಲೆ ಚಿತ್ರವನ್ನು ಮಸುಕಾಗಿಸುವ ಅಗಲವಾದ ಬ್ಲರ್ ಬೇರೆ.

ಮಂಜಿಗೆ ಚೂಪಾದ ಅಂಚೇ ಇಲ್ಲದಿರುವಾಗ ಅದನ್ನು ಪೂರ್ಣ ಅಳತೆಯಲ್ಲಿ ಲೆಕ್ಕಹಾಕುವ ಅಗತ್ಯವಿಲ್ಲ. ಆದ್ದರಿಂದ ಅದನ್ನು 1920×1080ರ ಬದಲು 960×540 ಪಿಕ್ಸೆಲ್‌ನ ಪ್ರತ್ಯೇಕ ಕಂಪೋಸಿಷನ್ (ತನ್ನದೇ ಅಳತೆಯ ಬೇರೆ ದೃಶ್ಯ) ಆಗಿಸಿದೆ. ಅಗಲ ಎತ್ತರಗಳೆರಡೂ ಅರ್ಧವಾದರೆ ಪಿಕ್ಸೆಲ್‌ಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಬ್ಲರ್‌ನ ಪ್ರಮಾಣವನ್ನೂ ಅರ್ಧಕ್ಕೆ ಇಳಿಸಿ, ಒಮ್ಮೆ ಪ್ರೋರೆಸ್ (ಪ್ರತಿ ಫ್ರೇಮ್ ಅನ್ನೂ ಬಿಡಿಯಾಗಿ ಉಳಿಸುವ ವಿಡಿಯೊ ಮಾದರಿ) ಫೈಲ್ ಆಗಿ ರೆಂಡರ್ ಮಾಡಿ, ಅದನ್ನೇ ದೊಡ್ಡದಾಗಿಸಿ, ಕಪ್ಪು ಭಾಗ ಕಾಣದೆ ಬೆಳಕಷ್ಟೇ ಬೆರೆಯುವ ಸ್ಕ್ರೀನ್ ಮೋಡ್‌ನಲ್ಲಿ ಮೂಲದ ಜಾಗದಲ್ಲಿ ಕೂರಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ. ಇನ್ನು ಅಕ್ಷರಗಳ ಸ್ಥಾನವನ್ನು ಎಷ್ಟು ಸಲ ಬದಲಿಸಿದರೂ ಮಂಜಿನ ಲೆಕ್ಕ ಮರುಕಳಿಸುವುದಿಲ್ಲ.

ಬಣ್ಣದ ಆಳದ, ಅಂದರೆ ಬಣ್ಣದ ಛಾಯೆಗಳನ್ನು ದಾಖಲಿಸಲು ಎಷ್ಟು ಬಿಟ್ ಬಳಸುತ್ತೇವೆಂಬುದರ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಒಂದು ಎಚ್‌ಡಿ ಫ್ರೇಮ್ 8 ಬಿಟ್‌ನಲ್ಲಿ ಸುಮಾರು 8 ಎಂಬಿ, 16 ಬಿಟ್‌ನಲ್ಲಿ ಅದರ ಎರಡರಷ್ಟು, 32 ಬಿಟ್‌ನಲ್ಲಿ ನಾಲ್ಕರಷ್ಟು ರ‍್ಯಾಮ್ ಹಿಡಿಯುತ್ತದೆ. ಹೀಗಿದ್ದರೂ 8 ಬಿಟ್‌ನಲ್ಲಿ ಮಂಜಿನ ನಯವಾದ ಛಾಯೆಗಳು ಪಟ್ಟೆಪಟ್ಟೆಯಾಗಿ ಒಡೆಯುತ್ತವೆ. ಅದಕ್ಕಾಗಿ 16 ಬಿಟ್ ಅನ್ನೇ ಉಳಿಸಿಕೊಂಡೆ. ರ‍್ಯಾಮ್‌ನ ಈ ಲೆಕ್ಕ ಇನ್ನೊಂದು ಕಾರಣಕ್ಕೂ ಮುಖ್ಯ. 2021ರ ಅಕ್ಟೋಬರ್‌ನಲ್ಲಿ ಬಂದ 22ನೇ ಆವೃತ್ತಿಯಿಂದ ಈ ಸಾಫ್ಟ್‌ವೇರ್ ಪ್ರೊಸೆಸರ್‌ನ ಹಲವು ಕೋರ್‌ಗಳನ್ನು ಬಳಸಿ ಹಲವು ಫ್ರೇಮ್‌ಗಳನ್ನು ಒಟ್ಟಿಗೇ ರೆಂಡರ್ ಮಾಡುತ್ತದೆ. ಪ್ರತಿ ಫ್ರೇಮ್‌ಗೂ ಪ್ರತ್ಯೇಕ ರ‍್ಯಾಮ್ ಬೇಕಾಗುವುದರಿಂದ, ರ‍್ಯಾಮ್ ಸಾಲದಿದ್ದರೆ ಕೋರ್‌ಗಳಿದ್ದೂ ಪ್ರಯೋಜನವಾಗದು.

ಹಲ್ಮಿಡಿಯ ಹೊಲಗಳನ್ನು ಫೋನಿನಲ್ಲಿ ತೆಗೆದ ವಿಡಿಯೊಗಳನ್ನೂ ಪ್ರೋರೆಸ್‌ಗೆ ಬದಲಿಸಿಕೊಂಡೆ. ಫೋನಿನ ಫೈಲ್‌ನಲ್ಲಿ ಬಹುಪಾಲು ಫ್ರೇಮ್‌ಗಳು ಅಕ್ಕಪಕ್ಕದ ಫ್ರೇಮ್‌ಗಳನ್ನು ಅವಲಂಬಿಸಿರುವುದರಿಂದ, ಒಂದನ್ನು ತೋರಿಸಲು ಹಲವನ್ನು ಬಿಡಿಸಬೇಕಾಗುತ್ತದೆ. ಚಲಿಸುವ ವಸ್ತುಗಳನ್ನು ಮಸುಕಾಗಿ ತೋರಿಸುವ ಮೋಷನ್ ಬ್ಲರ್ ಅನ್ನು ಕೆಲಸದ ವೇಳೆ ಆರಿಸಿಟ್ಟು, ಕೊನೆಯ ರೆಂಡರ್‌ಗೆ ಮಾತ್ರ ಹಾಕಿಕೊಂಡರೆ ಸಾಕು.

ಮಳೆಗೆ ಸಂಜೆಯ ಹೊತ್ತು ಕರೆಂಟು ಹೋಗುವುದು ಇಲ್ಲಿ ಸಾಮಾನ್ಯ. ವಿಡಿಯೊ ಫೈಲ್‌ಗೆ ನೇರವಾಗಿ ರೆಂಡರ್ ಮಾಡುವಾಗ ಕರೆಂಟು ಹೋದರೆ ಅರ್ಧ ಫೈಲ್ ಯಾವ ಕೆಲಸಕ್ಕೂ ಬರುವುದಿಲ್ಲ. ಅದಕ್ಕಾಗಿ ಅಂತಿಮ ರೆಂಡರ್ ಅನ್ನು ಚಿತ್ರಗಳ ಸರಣಿಯಾಗಿ ತೆಗೆಯಲು, ಈಗಾಗಲೇ ಇರುವ ಫೈಲ್‌ಗಳನ್ನು ಬಿಟ್ಟು ಮುಂದುವರಿಯುವ ಆಯ್ಕೆಯನ್ನು ಗುರುತು ಹಾಕಿ ರೆಂಡರ್ ಆಗಬೇಕಾದ ಕೆಲಸಗಳ ಸಾಲಿಗೆ (ಕ್ಯೂ) ಸೇರಿಸಿದ್ದೇನೆ. ನಾಳೆ ನಾದಸ್ವರದ ಧ್ವನಿ ಫೈಲ್ ಬಂದ ಮೇಲೆ, ಸರಣಿಯ ಜೊತೆ ಅದನ್ನು ಕೂಡಿಸಿ ಎಚ್.264 ಎಂಬ ಚಿಕ್ಕ ಗಾತ್ರದ ವಿಡಿಯೊ ಮಾದರಿಯಲ್ಲಿ ಪ್ರತಿ ತೆಗೆಯುವುದಷ್ಟೇ ಬಾಕಿ.