ಭುಜ ನೋವು ಅಂತ ಬಂದವರನ್ನು ಶುಗರ್ ಬಗ್ಗೆ ಯಾಕೆ ಕೇಳುತ್ತೇನೆ

ಭುಜ ನೋವು ಅಂತ ಬರುವವರು ಕೂತ ತಕ್ಷಣ ಕೈ ಮೇಲೆತ್ತಿ ತೋರಿಸುತ್ತಾರೆ. ಫಿಸಿಯೋಥೆರಪಿ ಕೆಲಸದಲ್ಲಿ ನನಗೆ ಅದಕ್ಕಿಂತ ಜಾಸ್ತಿ ತಿಳಿಸಿಕೊಡುವುದು ಇನ್ನೊಂದು ಪರೀಕ್ಷೆ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯಲು ಹೇಳಿ, ಮುಂಗೈಯನ್ನು ನಾನೇ ಮೆಲ್ಲಗೆ ಹೊರಗಡೆಗೆ ತಿರುಗಿಸುತ್ತೇನೆ. ನೋವಿದ್ದರೂ ಪೂರ್ತಿ ತಿರುಗಿತು ಅಂದರೆ ಸಾಮಾನ್ಯವಾಗಿ ಭುಜದ ಸ್ನಾಯುಗಳ ತೊಂದರೆ. ಅರ್ಧಕ್ಕೇ ಗಟ್ಟಿಯಾಗಿ ನಿಂತುಬಿಟ್ಟರೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆ) ಇರಬಹುದು ಅನ್ನಿಸುತ್ತದೆ. ಆಗ ಕೇಳುತ್ತೇನೆ: "ಅಮ್ಮಾ, ಶುಗರ್ ಚೆಕ್ ಮಾಡಿಸಿ ಎಷ್ಟು ದಿನ ಆಯ್ತು?"

(ಎಡ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಇದ್ಯಾವುದಕ್ಕೂ ಕಾಯಬೇಡಿ. ನೇರ ಎಮರ್ಜೆನ್ಸಿಗೆ ಹೋಗಿ.)

ಭುಜದ ಕೀಲಿನ ಸುತ್ತ ಒಂದು ಪೊರೆ ಇರುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಅದು ಉರಿಯೂತ ಬಂದು, ದಪ್ಪವಾಗಿ, ಕುಗ್ಗುತ್ತದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. ಥೈರಾಯ್ಡ್ ತೊಂದರೆ ಇದ್ದವರಲ್ಲೂ ಹಾಗೇ. ಎಕ್ಸ್‌ರೇ ಮಾತ್ರ ಸಾಮಾನ್ಯವಾಗಿ ನಾರ್ಮಲ್ ಬರುತ್ತದೆ. ಅದನ್ನು ನೋಡಿ ಮನೆಯವರು "ಏನೂ ಇಲ್ವಂತೆ" ಅಂದುಬಿಡುತ್ತಾರೆ. ನೋವಿರುವ ಹೆಂಗಸಿಗೆ ಮಾತ್ರ ಜಡೆ ಹಾಕಿಕೊಳ್ಳಲು ಆಗುತ್ತಿರುವುದಿಲ್ಲ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರವಾಗುತ್ತದೆ. ಇಂಥ ನೋವನ್ನು ಸುಮ್ನೆ ನೆಪ ಅಂದುಕೊಳ್ಳುವುದು ನನಗೆ ಬಹಳ ಬೇಸರದ ವಿಷಯ.

ನೋವು ಜೋರಾಗಿರುವ ಹಂತದಲ್ಲಿ ಕೈ ಜಗ್ಗಿಸಿಕೊಳ್ಳಬೇಡಿ, ಉಳುಕು ತೆಗೆಸಲು ಹೋಗಬೇಡಿ. ಅದರಿಂದ ನೋವು ಹೆಚ್ಚುತ್ತದೆ. ಹಾಗಂತ ಕೈಗೆ ಜೋಳಿಗೆ ಕಟ್ಟಿಕೊಂಡು ಇಡೀ ದಿನ ಕೂರುವುದೂ ತಪ್ಪು, ಕೀಲು ಇನ್ನಷ್ಟು ಬಿಗಿಯುತ್ತದೆ. ಬಿಸಿನೀರಿನ ಶಾಖ ಕೊಟ್ಟು, ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ ಮುಂದಕ್ಕೆ ಬಗ್ಗಿ. ನೋವಿನ ಕೈ ಸಡಿಲವಾಗಿ ಜೋತುಬೀಳಲಿ. ಮೈಯನ್ನು ಹಿಂದೆ ಮುಂದೆ ತೂಗಿದರೆ ಕೈ ತಾನಾಗಿ ಆಡುತ್ತದೆ. ಭುಜದ ಬಲ ಹಾಕಬಾರದು, ಬಹಳ ಜನ ಎಡವುವುದು ಇಲ್ಲೇ. ಮಲಗುವಾಗ ತೋಳಿನ ಕೆಳಗೆ ದಿಂಬಿಡಿ.

ಶುರುವಿನ ಹಂತದಲ್ಲಿ ಡಾಕ್ಟರು ಕೀಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದುಂಟು. ಅದರಿಂದ ನೋವು ಇಳಿಯುತ್ತದೆ. ಆದರೆ ಸಕ್ಕರೆ ಕಾಯಿಲೆ ಇದ್ದವರಿಗೆ ಕೆಲವು ದಿನ ಶುಗರ್ ಏರಬಹುದು, ಮನೆಯಲ್ಲೇ ಚೆಕ್ ಮಾಡುತ್ತಿರಬೇಕು.

ಪೂರ್ತಿ ಸಡಿಲವಾಗಲು 1ರಿಂದ 3 ವರ್ಷ ಹಿಡಿಯಬಹುದು. ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಕೇಳಿ ಮುಖ ಬಾಡುತ್ತದೆ, ನಿಜ. ಆದರೆ ಹೇಳದೇ ಹೋದರೆ ಎರಡನೇ ತಿಂಗಳಲ್ಲೇ "ಏನೂ ಉಪಯೋಗವಿಲ್ಲ" ಅಂತ ವ್ಯಾಯಾಮ ಬಿಟ್ಟುಬಿಡುತ್ತಾರೆ.